70 ದಾಟಿದರೆ ಪಿಕಪ್ ನಡುಗುತ್ತದೆ, ಟೈರ್ ಬದಲಿಸಿದರೂ ಹೋಗಿಲ್ಲ: ಉಸ್ತಾದ್‌ಗೆ ಪ್ರಶ್ನೆ

ಪ್ರಶ್ನೆ (ಕಮಲಾಪುರ):

ಶರಣ್ರಿ ಉಸ್ತಾದ್. ನಂದು ಒಂದೂವರೆ ಟನ್ನಿನ ಡೀಸೆಲ್ ಪಿಕಪ್. ಹಿಂದಿನ ಚಕ್ರಕ್ಕೆ ಪವರ್, ಟೈರ್ 215/75 ಆರ್ 15. ಬಾಳೆಹಣ್ಣು, ಕಾಯಿಪಲ್ಯ ಹಾಕಿಕೊಂಡು ಹುಮನಾಬಾದ್ ಮೇಲೆ ಜಹೀರಾಬಾದ್ ಕಡೆ ಹೋಗುತ್ತೇನೆ. ಊರೊಳಗೆ ಏನೂ ತಕರಾರಿಲ್ಲ. ಹುಮನಾಬಾದ್‌ನಲ್ಲಿ ನಾಲ್ಕು ಪಥದ ರೋಡಿಗೆ ಹತ್ತಿ 65 ದಾಟಿಸಿದೆ ಅಂದರೆ ಸೀಟಿನ ಕೆಳಗಿಂದ ಝುಂ ಅಂತ ನಡುಕ ಶುರು. 75ಕ್ಕೆ ಬಹಳ ಜಾಸ್ತಿ. ಪಕ್ಕದ ಕನ್ನಡಿಯಲ್ಲಿ ಹಿಂದಿನ ಗಾಡಿಯ ನಂಬರ್ ಓದಲಿಕ್ಕೆ ಆಗುವುದಿಲ್ಲ, ಅಷ್ಟು ಅದುರುತ್ತದೆ. ಸ್ಟೇರಿಂಗ್ ಮಾತ್ರ ಸುಮ್ಮನಿರುತ್ತದೆ. ಲೋಡಿದ್ದಾಗ ಕಡಿಮೆ, ಖಾಲಿ ಬರುವಾಗ ಜಾಸ್ತಿ.

ಮುಂದೆ ಎರಡು ಹೊಸ ಟೈರ್ ಹಾಕಿಸಿದೆ. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಎರಡೂ ಆಯಿತು. ಏನೂ ಫರಕು ಬೀಳಲಿಲ್ಲ. ಈಗ ಒಬ್ಬರು ಹಿಂದಿನ ಟೈರೂ ಬದಲಿಸು ಅನ್ನುತ್ತಾರೆ, ಇನ್ನೊಬ್ಬರು ಕ್ಲಚ್ ಪ್ಲೇಟ್ ಅನ್ನುತ್ತಾರೆ. ಯಾವುದಕ್ಕೆ ರೊಕ್ಕ ಹಾಕಲಿ?

ಉತ್ತರ (ಮೆಕ್ಯಾನಿಕ್, ಕಲಬುರಗಿ):

ಶರಣ್ರಿ ಅಣ್ಣಾರೇ. ಸದ್ಯಕ್ಕೆ ಯಾವುದಕ್ಕೂ ಹಾಕಬೇಡಿ. ಈ ನಡುಕ ಯಾವುದರ ಜೊತೆ ಏರುತ್ತದೆ, ಯಾವುದರ ಜೊತೆ ಇಳಿಯುತ್ತದೆ ಅಂತ ಗೊತ್ತಾಗುವ ತನಕ ಒಂದು ಬೋಲ್ಟೂ ಬಿಚ್ಚಿಸಬೇಡಿ. ಬಿಚ್ಚಿ ನೋಡೋಣ ಅಂತ ಶುರು ಮಾಡಿದರೆ ಒಂದೊಂದೇ ಸಾಮಾನು ಬದಲಾಗುತ್ತಾ ಹೋಗುತ್ತದೆ, ನಡುಕ ಅಲ್ಲೇ ಇರುತ್ತದೆ. ನಿಮಗೆ ಈಗಾಗಲೇ ಎರಡು ಟೈರಿನ ಖರ್ಚು ಬಿದ್ದಿದೆ, ಅದು ನನಗೆ ಬೇಜಾರು.

ನೀವು ಬರೆದದ್ದರಲ್ಲೇ ಅರ್ಧ ಉತ್ತರ ಇದೆ. ಮುಂದಿನ ಚಕ್ರದ ತೊಂದರೆ ಸಾಮಾನ್ಯವಾಗಿ ಸ್ಟೇರಿಂಗಿಗೆ ಬರುತ್ತದೆ. ಹಿಂದಿನದು ಸೀಟಿಗೆ, ಕಾಲಡಿಯ ತಗಡಿಗೆ ಬರುತ್ತದೆ. ನಿಮ್ಮ ಸ್ಟೇರಿಂಗ್ ಸುಮ್ಮನಿದೆ. ಅಂದರೆ ಹಿಂದಿನ ಚಕ್ರ, ಇಲ್ಲವೇ ಗೇರ್ ಬಾಕ್ಸಿನಿಂದ ಹಿಂದಕ್ಕೆ ಹೋಗಿ ಹಿಂದಿನ ಚಕ್ರ ತಿರುಗಿಸುವ ಪ್ರೊಪೆಲರ್ ಶಾಫ್ಟ್. ಎಂಜಿನ್, ಕ್ಲಚ್ಚನ್ನೂ ಈಗಲೇ ಬಿಡುವುದು ಬೇಡ, ಅದನ್ನು ರೋಡಿನ ಮೇಲೇ ನೋಡೋಣ.

ಬೆಳಗಿನ ಜಾವ ರೋಡು ಖಾಲಿ ಇರುವಾಗ, ಸಪಾಟಾದ ಜಾಗದಲ್ಲಿ ಹೀಗೆ ಮಾಡಿ. ಐದನೇ ಗೇರಿನಲ್ಲಿ 75ಕ್ಕೆ ತಂದು ನಿಲ್ಲಿಸಿ, ನಡುಕ ಗಮನಿಸಿ. ಅದೇ ವೇಗದಲ್ಲಿ ನಾಲ್ಕನೇ ಗೇರಿಗೆ ಇಳಿಸಿ. ಈಗ ಎಂಜಿನ್ ಮಾತ್ರ ಜೋರಾಗಿ ತಿರುಗುತ್ತದೆ, ಚಕ್ರ ಮತ್ತು ಶಾಫ್ಟ್ ಮೊದಲಿನಷ್ಟೇ ತಿರುಗುತ್ತವೆ. ನಡುಕ ಬದಲಾದರೆ ಎಂಜಿನ್, ಕ್ಲಚ್, ಎಂಜಿನ್ ಮೌಂಟಿಂಗ್ ಕಡೆ ನೋಡಬೇಕು. ಹಾಗೇ ಉಳಿದರೆ ಅವರೆಲ್ಲ ನಿರಪರಾಧಿಗಳು. ಆಮೇಲೆ ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿ ಗಾಡಿಯ ವೇಗ ತಾನೇ ಇಳಿಯಲು ಬಿಡಿ, ಆಗಲೂ ನಡುಕ ಉಳಿಯುತ್ತದಾ ನೋಡಿ. ಚಾವಿ ಮಾತ್ರ ಆಫ್ ಮಾಡಬೇಡಿ. ಎಂಜಿನ್ ನಿಂತರೆ ಬ್ರೇಕು, ಸ್ಟೇರಿಂಗ್ ಎರಡೂ ಗಟ್ಟಿಯಾಗುತ್ತವೆ. 80ರ ಮೇಲೆ ಹೋಗಬೇಡಿ. ಸರಕು ಗಾಡಿಗೆ ನಾಲ್ಕು ಪಥದ ರೋಡಿನಲ್ಲೂ ಅಷ್ಟೇ ಮಿತಿ, 2018ರಿಂದ ಇದೇ ನಿಯಮ. ಪರೀಕ್ಷೆಗೂ ಅದಕ್ಕಿಂತ ಜಾಸ್ತಿ ಬೇಕಿಲ್ಲ.

ಕೊನೆಗೆ ಒಂದು ಕೆಲಸ. ಪಂಕ್ಚರ್ ಅಂಗಡಿಗೆ ಹೋಗಿ ಮುಂದಿನ ಎರಡು ಚಕ್ರ ಹಿಂದಕ್ಕೆ, ಹಿಂದಿನ ಎರಡು ಮುಂದಕ್ಕೆ ಹಾಕಿಸಿ. ನಡುಕ ಸ್ಟೇರಿಂಗಿಗೆ ಬಂದರೆ ಹಿಂದಿದ್ದ ಚಕ್ರವೇ ಕಾರಣ. ಸೀಟಿನಲ್ಲೇ ಉಳಿದರೆ ಟೈರಿಗೆ ಇನ್ನೊಂದು ಪೈಸೆ ಕೊಡಬೇಡಿ.

ಮತ್ತೆ ಎರಡು ಪ್ರಶ್ನೆ. ಇತ್ತೀಚೆಗೆ ಹಿಂದೆ ಹೆಚ್ಚಿನ ಪ್ಲೇಟ್, ಅಂದರೆ ಲೋಡು ಹೊರುವ ಸ್ಪ್ರಿಂಗ್ ಪಟ್ಟಿ, ಹಾಕಿಸಿದ್ದೀರಾ? ಶಾಫ್ಟಿನ ಕ್ರಾಸ್, ಅಂದರೆ ಅದರ ಜಾಯಿಂಟಿನಲ್ಲಿ ಕೂರುವ ನಾಲ್ಕು ತೋಳಿನ ತುಂಡು, ಬದಲಿಸಿದ್ದಾರಾ?

ಇನ್ನೊಂದು ಪ್ರಶ್ನೆ (ಶಹಾಪುರ, ಯಾದಗಿರಿ ಜಿಲ್ಲೆ):

ಉಸ್ತಾದ್, ನಡುವೆ ಬಂದೆ ಅಂತ ಬೇಜಾರಾಗಬೇಡಿ. ನಂದು ಸ್ಟೇರಿಂಗೇ ನಡುಗುತ್ತದೆ, 60ರಿಂದ ಶುರು. ಮಳೆ ಬಿದ್ದ ಮೇಲೆ ಹೊಲದಿಂದ ಹತ್ತಿ ಹೇರಿಕೊಂಡು ಬಂದಿದ್ದೆ. ಅದರ ಮರುದಿನದಿಂದ ಹೀಗೆ. ನನಗೂ ಶಾಫ್ಟ್ ಇರಬಹುದಾ?

ಉತ್ತರ:

ಇಲ್ಲ ತಮ್ಮಾ. ಮೊದಲು ಚಕ್ರ ಬಿಚ್ಚಿ ರಿಮ್ಮಿನ ಒಳಮೈ ನೋಡು. ಎರೆ ಮಣ್ಣು ಅಲ್ಲಿ ಹೋಗಿ ಕೂತಿರುತ್ತದೆ. ಬ್ರೇಕಿನ ಬಿಸಿಗೆ ಒಣಗಿ ಇಟ್ಟಂಗಿ ಹಾಗೆ ಆಗಿರುತ್ತದೆ. ವಾಟರ್ ಸರ್ವಿಸ್‌ನವರು ಹೊರಗಡೆ ನೀರು ಹೊಡೆಯುತ್ತಾರೆ, ಗಾಡಿ ಫಳಫಳ ಅನ್ನುತ್ತದೆ, ಒಳಗಿನ ಮಣ್ಣು ಒಂದಿಷ್ಟೂ ಅಲುಗಾಡಿರುವುದಿಲ್ಲ.

ಇಷ್ಟು ಮಣ್ಣಿಗೆ ಏನಾಗುತ್ತದೆ ಅಂತ ಅನಿಸಬಹುದು. 15 ಇಂಚಿನ ರಿಮ್ಮಿನ ಅಂಚಿನಲ್ಲಿ ಒಂದೇ ಕಡೆ 50 ಗ್ರಾಂ ಹೆಚ್ಚಿದ್ದರೆ, 80ರ ವೇಗದಲ್ಲಿ ಅದು ಚಕ್ರವನ್ನು ಹೊರಗೆ ಎಳೆಯುವ ಬಲ ಸುಮಾರು 4 ಕಿಲೋ ತೂಕದಷ್ಟು. ಅದೂ ಸೆಕೆಂಡಿಗೆ 10 ಸಲ, ಒಮ್ಮೆ ಮೇಲೆ, ಒಮ್ಮೆ ಕೆಳಗೆ. 40ರ ವೇಗದಲ್ಲಿ ಅದೇ ಮಣ್ಣಿನ ಎಳೆತ 1 ಕಿಲೋ ಅಷ್ಟೇ. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು. ಅದಕ್ಕೇ ಊರೊಳಗೆ ಗೊತ್ತಾಗುವುದಿಲ್ಲ. ಇನ್ನು ನಿನ್ನ ರಿಮ್ಮಿನಲ್ಲಿ ಅರ್ಧ ಕಿಲೋ ಮಣ್ಣು ಇದ್ದರೂ ನನಗೆ ಆಶ್ಚರ್ಯವಿಲ್ಲ.

ನೀರು ಹೊಡೆದು ನೆನೆಯಲು ಬಿಡು, ಕಟ್ಟಿಗೆ ತುಂಡಿನಿಂದ ಕೆರೆದು ತೆಗೆ. ಉಳಿ, ಸುತ್ತಿಗೆ ಬೇಡ, ರಿಮ್ಮಿಗೆ ಪೆಟ್ಟಾಗುತ್ತದೆ. ಹಬ್ಬಿಗೆ ರಿಮ್ ಕೂರುವ ಜಾಗವನ್ನೂ ತಂತಿ ಬ್ರಶ್ ಹಾಕಿ ತಿಕ್ಕು. ಅಲ್ಲಿ ಒಂದು ಹಳ್ಳು ಸಿಕ್ಕಿದರೂ ಚಕ್ರ ಸೊಟ್ಟ ಕೂರುತ್ತದೆ. ಇದೆಲ್ಲ ಆದ ಮೇಲೂ ನಡುಗಿದರೆ ಮಾತ್ರ ಬ್ಯಾಲೆನ್ಸಿಂಗಿಗೆ ಹೋಗು. ಮಣ್ಣಿನ ಮೇಲೆಯೇ ಬ್ಯಾಲೆನ್ಸ್ ಮಾಡಿಸಬೇಡ. ನಾಳೆ ಮಣ್ಣು ಉದುರಿದರೆ ಹಾಕಿದ ಸೀಸದ ತೂಕವೇ ನಡುಕ ತರುತ್ತದೆ.

ಇನ್ನೊಂದು ಪ್ರಶ್ನೆ (ಭಾಲ್ಕಿ):

ಅಣ್ಣಾ, ನಮ್ಮದು ಹಾಲಿನ ಗಾಡಿ. ಬೆಳಿಗ್ಗೆ ಹೊರಟ ಕೂಡಲೇ ದಡದಡ ಅನ್ನುತ್ತದೆ. ನಾಲ್ಕೈದು ಕಿಲೋಮೀಟರ್ ಹೋದ ಮೇಲೆ ತಾನೇ ನಿಲ್ಲುತ್ತದೆ. ರಾತ್ರಿ ಪಶು ಆಹಾರದ ಚೀಲ ತುಂಬಿಸಿಯೇ ನಿಲ್ಲಿಸುತ್ತೇವೆ. ಡ್ರೈವರ್ ಏನೂ ಆಗಲ್ಲ ಅನ್ನುತ್ತಾನೆ, ನನಗೆ ಹೆದರಿಕೆ.

ಉತ್ತರ:

ಅಕ್ಕಾರೇ, ಲೋಡು ಹೊತ್ತು ರಾತ್ರಿಯಿಡೀ ಒಂದೇ ಕಡೆ ನಿಂತರೆ ಟೈರಿನ ಕೆಳಭಾಗ ಸ್ವಲ್ಪ ಚಪ್ಪಟೆಯಾಗುತ್ತದೆ. ಗಾಳಿ ಕಡಿಮೆ ಇದ್ದರೆ ಇನ್ನೂ ಜಾಸ್ತಿ. ಓಡಿ ಬಿಸಿಯಾದ ಮೇಲೆ ಮತ್ತೆ ಗುಂಡಗಾಗುತ್ತದೆ. ಬೆಳಿಗ್ಗೆ ಹೊರಡುವ ಮುಂಚೆ, ಟೈರ್ ತಣ್ಣಗಿರುವಾಗಲೇ ಗಾಳಿ ಚೆಕ್ ಮಾಡಿಸಿ. ಎಷ್ಟು ಇರಬೇಕು ಅಂತ ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲಿ ಬರೆದಿರುತ್ತದೆ, ಲೋಡಿಗೆ ಬೇರೆ, ಖಾಲಿಗೆ ಬೇರೆ.

ಆದರೆ ನಿಮ್ಮ ಹೆದರಿಕೆಗೂ ಅರ್ಥ ಇದೆ. ಟೈರಿನ ಮೇಲೆ ಸುತ್ತಲೂ ಕೈ ಆಡಿಸಿ ನೋಡಿ. ಎಲ್ಲಾದರೂ ಉಬ್ಬು ಸಿಕ್ಕರೆ, ಮುಖ್ಯವಾಗಿ ರೀಸೋಲ್ ಮಾಡಿಸಿದ ಟೈರ್ ಆಗಿದ್ದರೆ, ಒಳಗಿನ ಪದರ ಬಿಟ್ಟಿದೆ ಅಂತ ಅರ್ಥ. ಆ ಟೈರ್ ಅವತ್ತೇ ತೆಗೆಸಿ. ನಮ್ಮ ಕಡೆಯ ಮೇ ತಿಂಗಳ ಬಿಸಿಲಿನಲ್ಲಿ ಅಂಥ ಟೈರ್ ಹೈವೇ ಮೇಲೆ ಸಿಡಿದರೆ ಗಾಡಿ ಹಿಡಿತಕ್ಕೆ ಸಿಗುವುದಿಲ್ಲ.

ಇನ್ನೊಂದು ಪ್ರಶ್ನೆ (ಶಹಾಬಾದ್):

ಕಲ್ಲು ಹೇರುವ ಗಾಡಿ. ಓಡುವಾಗ ಏನಿಲ್ಲ, ಬ್ರೇಕ್ ಒತ್ತಿದಾಗ ಮಾತ್ರ ಸ್ಟೇರಿಂಗ್ ಗಡಗಡ.

ಉತ್ತರ:

ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಮುಂದಿನ ಡಿಸ್ಕ್. ದಪ್ಪ ಒಂದೇ ಸಮ ಇರುವುದಿಲ್ಲ, ಇಲ್ಲವೇ ಸೊಟ್ಟ ತಿರುಗುತ್ತಿರುತ್ತದೆ. ಸೀಟು, ಪೆಡಲ್ ನಡುಗಿದರೆ ಹಿಂದಿನ ಡ್ರಮ್ಮು. ಲೇತಿಗೆ ಕೊಡುವ ಮುಂಚೆ ಡಿಸ್ಕಿನ ಮೇಲೆ ಕೆತ್ತಿದ ಕನಿಷ್ಠ ದಪ್ಪ ನೋಡಿಸಿ. ಅದಕ್ಕಿಂತ ತೆಳುವಾಗುವುದಾದರೆ ಹೊಸದೇ ಹಾಕಿ. ವೀಲ್ ನಟ್ಟುಗಳನ್ನು ಒಂದೇ ಕಡೆಯಿಂದ ಸಾಲಾಗಿ ಬಿಗಿಯಬೇಡಿ, ಎದುರು ಬದುರು ಬಿಗಿಯಿರಿ.

ಕಮಲಾಪುರದವರು:

ಉಸ್ತಾದ್, ನೀವು ಹೇಳಿದ್ದೆಲ್ಲ ಮಾಡಿದೆ. ಐದನೇ ಗೇರಿಗೂ ನಾಲ್ಕನೇ ಗೇರಿಗೂ ಫರಕಿಲ್ಲ. ನ್ಯೂಟ್ರಲ್ ಮಾಡಿದರೂ ನಡುಕ ಇತ್ತು, ಸ್ವಲ್ಪ ಮೆತ್ತಗಾಯಿತು ಅಷ್ಟೇ. ಎಕ್ಸಿಲೇಟರ್ ಒತ್ತಿದರೆ ಒಂದು ಥರ ಸದ್ದು, ಕಾಲು ಎತ್ತಿದರೆ ಇನ್ನೊಂದು ಥರ. ಚಕ್ರ ಹಿಂದೆ ಮುಂದೆ ಮಾಡಿಸಿದೆ. ನಡುಕ ಸೀಟಿನಲ್ಲೇ ಇದೆ, ಸ್ಟೇರಿಂಗಿಗೆ ಬರಲಿಲ್ಲ.

ಹೌದು, ದೀಪಾವಳಿ ಆದ ಮೇಲೆ ಹಿಂದೆ ಎರಡೂ ಕಡೆ ಒಂದೊಂದು ಪ್ಲೇಟ್ ಜಾಸ್ತಿ ಹಾಕಿಸಿದ್ದೆ. ಆಗಲೇ ಶಾಫ್ಟ್ ಇಳಿಸಿ ಎರಡು ಕ್ರಾಸ್ ಬದಲಿಸಿದರು. ಈಗ ಯೋಚನೆ ಮಾಡಿದರೆ ನಡುಕ ಅಲ್ಲಿಂದಲೇ ಶುರುವಾದ ಹಾಗಿದೆ.

ಉತ್ತರ:

ಬಹಳ ಚೆನ್ನಾಗಿ ನೋಡಿದ್ದೀರಿ ಅಣ್ಣಾ. ಅನುಮಾನದ ಪಟ್ಟಿಯಿಂದ ಎಂಜಿನ್ ಹೋಯಿತು, ಕ್ಲಚ್ ಹೋಯಿತು, ಟೈರ್ ಹೋಯಿತು. ಉಳಿದದ್ದು ಶಾಫ್ಟ್.

ನಡುಕದ ತರಹವೂ ಅದನ್ನೇ ಹೇಳುತ್ತದೆ. ನಿಮ್ಮ ಟೈರ್ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತದೆ. 80ರ ವೇಗ ಅಂದರೆ ಸೆಕೆಂಡಿಗೆ 22 ಮೀಟರ್, ಅಂದರೆ ಚಕ್ರ ಸೆಕೆಂಡಿಗೆ 10 ಸುತ್ತು. ಹಿಂದಿನ ಆಕ್ಸಲ್ ನಡುವಿನ ಗೇರ್ ಜೋಡಣೆ, ಅಂದರೆ ಡಿಫರೆನ್ಶಿಯಲ್‌ನಲ್ಲಿ 4ಕ್ಕೆ 1 ಹತ್ತಿರದ ಅನುಪಾತ ಇದ್ದರೆ ಶಾಫ್ಟ್ ಸೆಕೆಂಡಿಗೆ 40 ಸುತ್ತು. ಚಕ್ರದ ನಡುಕ ದಡ್ ದಡ್ ಅಂತ ಮೈಗೆ ಗೊತ್ತಾಗುತ್ತದೆ. ಶಾಫ್ಟಿನದು ಝುಂ ಅನ್ನುತ್ತದೆ, ಗೇರ್ ರಾಡಿನ ತುದಿ ಜುಮ್ಮೆನ್ನುತ್ತದೆ. ನೀವು ಮೊದಲ ಪ್ರಶ್ನೆಯಲ್ಲೇ ಝುಂ ಅಂತ ಬರೆದಿದ್ದೀರಿ, ಅಲ್ವಾ?

ಈಗ ಶಾಫ್ಟಿನ ಒಳಗಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕ್ರಾಸ್ ಬದಲಿಸುವಾಗ ಇದನ್ನು ಗಮನಿಸದೇ ಬಿಡುವುದು ಜಾಸ್ತಿ.

ಕ್ರಾಸ್ ಇರುವ ಜಾಯಿಂಟ್ ಓರೆಯಾಗಿ ತಿರುಗುವಾಗ ಒಂದೇ ಸಮ ತಿರುಗುವುದಿಲ್ಲ. ಗೇರ್ ಬಾಕ್ಸಿನ ಕಡೆ ಸಮವಾಗಿ ತಿರುಗುತ್ತಿದ್ದರೂ, ಕ್ರಾಸ್ ದಾಟಿದ ಮೇಲೆ ಶಾಫ್ಟ್ ಒಂದು ಸುತ್ತಿನಲ್ಲಿ ಎರಡು ಸಲ ಮುಂದೆ ಓಡುತ್ತದೆ, ಎರಡು ಸಲ ಹಿಂದೆ ಬೀಳುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಏರುಪೇರು. ಶಾಫ್ಟಿನ ಆಚೆ ತುದಿಯ ಜಾಯಿಂಟ್ ಅದನ್ನು ಸರಿದೂಗಿಸುತ್ತದೆ, ಎರಡು ಶರತ್ತಿನ ಮೇಲೆ. ಶಾಫ್ಟಿನ ಆ ತುದಿಯ ಮತ್ತು ಈ ತುದಿಯ, ಕ್ರಾಸ್ ಹಿಡಿಯುವ ಕವಲುಗಳು ಒಂದೇ ಸಾಲಿನಲ್ಲಿ ಇರಬೇಕು. ಎರಡೂ ಕಡೆಯ ಓರೆ ಹತ್ತಿರ ಹತ್ತಿರ ಒಂದೇ ಇರಬೇಕು. ಒಂದು ತಪ್ಪಿದರೂ ಏರುಪೇರು ಉಳಿದು ಸೀಟಿಗೆ ಬರುತ್ತದೆ. ನಿಮ್ಮ ಗಾಡಿಯಲ್ಲಿ ಎರಡೂ ತಪ್ಪಿರುವ ಹಾಗೆ ಕಾಣುತ್ತದೆ.

ಶಾಫ್ಟ್ ಇಳಿಸುವಾಗ ನಡುವಿನ ಹಲ್ಲಿನ ಜೋಡಣೆ ಎಳೆದು ಬೇರೆ ಮಾಡುತ್ತಾರೆ. ಮತ್ತೆ ಕೂರಿಸುವಾಗ ಒಂದೆರಡು ಹಲ್ಲು ಆಚೀಚೆ ಆದರೂ ಕೂರುತ್ತದೆ. ಅದಕ್ಕೇ ಕಂಪನಿಯಲ್ಲೇ ಎರಡೂ ತುಂಡಿನ ಮೇಲೆ ಬಾಣದ ಗುರುತು ಹೊಡೆದಿರುತ್ತಾರೆ. ಕೆಲವು ಶಾಫ್ಟಿನಲ್ಲಿ ಒಂದು ಹಲ್ಲು ಅಗಲ ಇರುತ್ತದೆ, ತಪ್ಪಿ ಕೂರಲು ಬಿಡುವುದೇ ಇಲ್ಲ. ನಿಮ್ಮದರಲ್ಲಿ ಯಾವುದಿದೆ ನೋಡಿ. ಸಪಾಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಚಕ್ರಗಳಿಗೆ ಮುಂದೆ ಹಿಂದೆ ಕಲ್ಲು ಕೊಟ್ಟು ಕೆಳಗೆ ಹೋಗಿ. ಜೋಡಣೆಯ ಹತ್ತಿರದ ಗ್ರೀಸು, ಧೂಳು ಡೀಸೆಲ್ ಬಟ್ಟೆಯಿಂದ ಒರೆಸಿದರೆ ಬಾಣ ಕಾಣುತ್ತದೆ. ಎರಡೂ ಎದುರು ಬದುರು ಇವೆಯಾ?

ಅಲ್ಲಿರುವಾಗಲೇ ಇನ್ನಷ್ಟು ನೋಡಿಕೊಳ್ಳಿ. ಕ್ರಾಸಿನ ತೋಳಿನ ತುದಿಗೆ ಕೂರುವ ಬೇರಿಂಗ್ ಬಟ್ಟಲಿನ ಸುತ್ತ ಕೆಂಪು ಪುಡಿ ಇದ್ದರೆ ಒಳಗೆ ಗ್ರೀಸ್ ಒಣಗಿದೆ. ಶಾಫ್ಟ್ ಹಿಡಿದು ತಿರುವಿದಾಗ ಕ್ರಾಸಿನಲ್ಲಿ ಟಕ್ ಅಂದರೆ ಸವೆದಿದೆ. ಶಾಫ್ಟನ್ನು ನಡುವೆ ಹಿಡಿದಿರುವ ಸೆಂಟರ್ ಬೇರಿಂಗಿನ ರಬ್ಬರ್ ಹರಿದಿದೆಯಾ ನೋಡಿ. ಪೈಪಿನ ಮೇಲೆ ವೆಲ್ಡ್ ಮಾಡಿದ ಸಣ್ಣ ತಗಡಿನ ತುಂಡು ಇರುತ್ತದೆ, ಅದು ಬ್ಯಾಲೆನ್ಸ್ ತೂಕ. ಅದು ಬಿದ್ದು ಹೋಗಿ ಬರೀ ವೆಲ್ಡಿನ ಗುರುತು ಉಳಿದಿದ್ದರೆ ನನಗೆ ಹೇಳಿ.

ದಯವಿಟ್ಟು ಯಾರೂ ಹಿಂದಿನ ಚಕ್ರ ಜಾಕ್ ಮೇಲೆ ಎತ್ತಿ, ಗೇರ್ ಹಾಕಿ, ಕೆಳಗೆ ಮಲಗಿ ನೋಡಲು ಹೋಗಬೇಡಿ. ಜಾಕ್ ಜಾರಿದರೆ ಏನೂ ಉಳಿಯುವುದಿಲ್ಲ. ಹೀಗೆ ಮಾಡಿ ನೋಡೋಣ ಅನ್ನುವ ಮೆಕ್ಯಾನಿಕ್ ಇದ್ದರೆ ಅವನನ್ನೂ ತಡೆಯಿರಿ.

ಕಮಲಾಪುರದವರು:

ಬಾಣ ಸಿಕ್ಕಿತು ಉಸ್ತಾದ್! ಎದುರು ಬದುರು ಇಲ್ಲ, ಎರಡು ಹಲ್ಲು ಆಚೆ ಇದೆ. ಬ್ಯಾಲೆನ್ಸ್ ತಗಡು ಇದೆ. ಸೆಂಟರ್ ಬೇರಿಂಗಿನ ರಬ್ಬರ್ ಒಂದು ಕಡೆ ಸೀಳಿದೆ. ಕೆಂಪು ಪುಡಿ ಇಲ್ಲ. ಹಾಗಾದರೆ ಶಾಫ್ಟೇ ಹೊಸದು ತರಬೇಕಾ?

ಉತ್ತರ:

ಬೇಡ ಬೇಡ. ಹೊಸ ಶಾಫ್ಟ್ ಯಾಕೆ? ಇಳಿಸಿ, ಬಾಣಕ್ಕೆ ಬಾಣ ಕೂರಿಸಿ, ಸೆಂಟರ್ ಬೇರಿಂಗ್ ರಬ್ಬರ್ ಸಮೇತ ಬದಲಿಸಿ. ಇಷ್ಟೇ ಸದ್ಯಕ್ಕೆ. ಫ್ಲಾಂಜ್, ಅಂದರೆ ಶಾಫ್ಟಿನ ತುದಿಗೆ ಬೋಲ್ಟ್ ಹಾಕುವ ತಟ್ಟೆ, ಬಿಚ್ಚುವ ಮುಂಚೆ ಎರಡೂ ಕಡೆ ಬಣ್ಣದ ಗುರುತು ಹಾಕಿಸಿ, ಇದ್ದ ಹಾಗೇ ಕೂರಬೇಕು. ಬೋಲ್ಟ್ ಹಳೆಯದಾಗಿದ್ದರೆ ಹೊಸದೇ ಹಾಕಿ, ಸಿಕ್ಕ ಸಿಕ್ಕ ಬೋಲ್ಟ್ ಬೇಡ. ಶಾಫ್ಟಿನ ಮುಂದಿನ ತುದಿ ಓಡುವಾಗ ಕಳಚಿ ರೋಡಿಗೆ ಕುತ್ತಿದರೆ ಗಾಡಿಯನ್ನೇ ಎತ್ತಿ ಹಾಕುತ್ತದೆ. ಕೆಲಸ ಆಗುವ ತನಕ 50ರ ಒಳಗೇ ಓಡಿಸಿ, ಜಹೀರಾಬಾದ್ ಲೋಡು ಬೇರೆ ಗಾಡಿಗೆ ಕೊಡಿ.

ಕಮಲಾಪುರದವರು:

ಕೆಲಸ ಆಯಿತು. ನಾನೇ ಮುಂದೆ ನಿಂತು ಬಾಣ ನೋಡಿ ಕೂರಿಸಿದೆ. ಲೋಡು ಹಾಕಿಕೊಂಡು 78ಕ್ಕೆ ಹೋದರೂ ಏನಿಲ್ಲ, ಕನ್ನಡಿ ನಿಂತಿದೆ. ನಿಮಗೆ ಎಷ್ಟು ಶರಣು ಹೇಳಿದರೂ ಕಡಿಮೆ. ಆದರೆ ಖಾಲಿ ಬರುವಾಗ 70ರ ಮೇಲೆ ಸಣ್ಣಗೆ ಝುಂ ಅನ್ನುವುದು ಇನ್ನೂ ಇದೆ. ಮೊದಲಿನ ಕಾಲು ಭಾಗವೂ ಇಲ್ಲ. ಬಿಟ್ಟುಬಿಡಲಾ?

ಉತ್ತರ:

ಸಂತೋಷ ಆಯಿತು. ಬಿಡಬೇಡಿ, ಅದು ಪ್ಲೇಟಿನ ಕೆಲಸ. ಬಿಟ್ಟರೆ ಹೊಸ ಕ್ರಾಸು, ಹೊಸ ಬೇರಿಂಗ್ ಎರಡನ್ನೂ ಬೇಗ ತಿನ್ನುತ್ತದೆ.

ಪ್ಲೇಟ್ ಸೇರಿಸಿದಾಗ ಗಾಡಿಯ ಹಿಂಭಾಗ ಮೇಲೆದ್ದಿದೆ. ಡಿಫರೆನ್ಶಿಯಲ್ ಇದ್ದಲ್ಲೇ ಇದೆ, ಚಾಸಿ ಮಾತ್ರ ಮೇಲೆ ಹೋಯಿತು. ಶಾಫ್ಟಿನ ಇಳಿಜಾರು ಹೆಚ್ಚಾಯಿತು. ಲೋಡು ಬಿದ್ದರೆ ಪ್ಲೇಟ್ ಕೂತು ಇಳಿಜಾರು ಕಡಿಮೆಯಾಗುತ್ತದೆ, ಖಾಲಿ ಇದ್ದರೆ ಮತ್ತೆ ಏಳುತ್ತದೆ. ಖಾಲಿ ಬರುವಾಗ ಜಾಸ್ತಿ ಅಂತ ನೀವು ಹೇಳಿದ್ದು ಇದಕ್ಕೇ.

ಬೇಕಿದ್ದರೆ ಅಳೆಯಬಹುದು. ಮೊಬೈಲಿನಲ್ಲಿ ಓರೆ ಅಳೆಯುವ ಆ್ಯಪ್ ಇರುತ್ತದೆ. ಗಾಡಿ ಖಾಲಿ ಇರುವಾಗ, ಸಪಾಟು ನೆಲದ ಮೇಲೆ, ಮೊಬೈಲನ್ನು ಶಾಫ್ಟಿನ ಹಿಂದಿನ ತುಂಡಿನ ಮೇಲೆ ಉದ್ದಕ್ಕೆ ಇಟ್ಟು ಎಷ್ಟು ಡಿಗ್ರಿ ಅಂತ ಬರೆದುಕೊಳ್ಳಿ. ಆಮೇಲೆ ಡಿಫರೆನ್ಶಿಯಲ್ ಮುಂದಿನ ಫ್ಲಾಂಜಿನ ಓರೆ ಅಳೆಯಿರಿ. ಫ್ಲಾಂಜ್ ನಿಂತಿರುತ್ತದೆ, ಅದಕ್ಕೆ ನೆಟ್ಟಗೆ ಗೆರೆಯಿಂದ ಎಷ್ಟು ವಾಲಿದೆ ಅಂತ ನೋಡಬೇಕು. ಎರಡರ ನಡುವಿನ ಫರಕೇ ಆ ಕ್ರಾಸಿನ ಓರೆ. ಹಿಂದಿನ ತುಂಡಿನ ಮುಂದಿನ ಕ್ರಾಸಿಗೂ ಹೀಗೆ ಅಳೆಯಿರಿ. ಸಾಮಾನ್ಯವಾಗಿ 3 ಡಿಗ್ರಿ ಒಳಗೆ ಇರಬೇಕು, ಎರಡು ಕ್ರಾಸಿನ ನಡುವೆ 1 ಡಿಗ್ರಿಗಿಂತ ಹೆಚ್ಚಿನ ಫರಕು ಇರಬಾರದು.

ಸರಿಪಡಿಸಲು ಎರಡು ದಾರಿ. ಪ್ಲೇಟ್ ಸೆಟ್ಟಿಗೂ ಆಕ್ಸಲ್ ಹೌಸಿಂಗಿಗೂ ನಡುವೆ ಒಂದು ಕಡೆ ದಪ್ಪ, ಒಂದು ಕಡೆ ತೆಳು ಇರುವ ಕಬ್ಬಿಣದ ಬೆಣೆ ಕೊಟ್ಟು ಡಿಫರೆನ್ಶಿಯಲ್‌ನ ಮೂತಿ ತಿರುಗಿಸುವುದು ಒಂದು. ಖಾಲಿಗೆ ಸರಿಮಾಡಿದರೆ ಲೋಡಿಗೆ ಕೆಡುತ್ತದೆ, ಲೋಡಿಗೆ ಸರಿಮಾಡಿದರೆ ಖಾಲಿಗೆ ಕೆಡುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಇನ್ನೊಂದು, ಹಾಕಿದ ಪ್ಲೇಟ್ ತೆಗೆಸಿಬಿಡುವುದು. ನಾನು ಇದನ್ನೇ ಹೇಳುತ್ತೇನೆ.

ಕಮಲಾಪುರದವರು:

ತೆಗೆಸಿದರೆ ಬಾಳೆ ಲೋಡಿಗೆ ಹಿಂದೆ ಕೂತುಬಿಡುತ್ತದಲ್ಲ ಉಸ್ತಾದ್?

ಉತ್ತರ:

ಆರ್‌ಸಿಯಲ್ಲಿ ಬರೆದಷ್ಟು ತೂಕ ಹಾಕಿದರೆ ಕಂಪನಿ ಪ್ಲೇಟೇ ಸಾಕು ಅಣ್ಣಾ. ಆದರೂ ಕೂರುತ್ತಿದ್ದರೆ ಹಳೆಯ ಪ್ಲೇಟ್‌ಗಳು ಸತ್ವ ಕಳೆದುಕೊಂಡಿರಬಹುದು, ಅಥವಾ ಒಂದು ಒಳಗೇ ಮುರಿದಿರಬಹುದು. ಸೆಟ್ ಬಿಚ್ಚಿದಾಗ ಒಂದೊಂದನ್ನೂ ತೊಳೆಸಿ ನೋಡಿ, ನಡುವಿನ ಬೋಲ್ಟಿನ ತೂತಿನ ಹತ್ತಿರ ಬಿರುಕು ಬರುವುದು ಜಾಸ್ತಿ. ಕೆಟ್ಟದ್ದು ಸಿಕ್ಕರೆ ಎರಡೂ ಕಡೆ ಅದೇ ನಂಬರಿನ ಪ್ಲೇಟ್ ಬದಲಿಸಿ. ಎತ್ತರ ಮೊದಲಿನಷ್ಟೇ ಇರುತ್ತದೆ, ಶಾಫ್ಟಿಗೂ ತೊಂದರೆಯಿಲ್ಲ. ಬರೆದ ತೂಕಕ್ಕಿಂತ ಹೆಚ್ಚು ಹಾಕುತ್ತಿದ್ದರೆ ಬ್ರೇಕ್ ಕೂಡ ಅಷ್ಟಕ್ಕೆ ಮಾಡಿದ್ದಲ್ಲ. ಹುಮನಾಬಾದ್ ರೋಡಿನಲ್ಲಿ ಎದುರಿಗೆ ಎಮ್ಮೆ ಬಂದಾಗ ಪ್ಲೇಟ್ ಗಾಡಿ ನಿಲ್ಲಿಸುವುದಿಲ್ಲ. ಎರಡು ಟ್ರಿಪ್ ಮಾಡಿ.

ಪ್ಲೇಟ್ ಸೆಟ್ಟನ್ನು ಆಕ್ಸಲಿಗೆ ಹಿಡಿಯುವ ಯು ಬೋಲ್ಟ್ ಹೊಸದೇ ಹಾಕಿಸಿ, ಹಳೆಯದನ್ನು ಮತ್ತೆ ಎಳೆದು ಬಿಗಿಸಬೇಡಿ. ಒಂದು ಲೋಡು ಹೋಗಿ ಬಂದ ಮೇಲೆ ಯು ಬೋಲ್ಟನ್ನೂ, ಬಿಚ್ಚಿ ಹಾಕಿದ ವೀಲ್ ನಟ್ಟುಗಳನ್ನೂ ಇನ್ನೊಮ್ಮೆ ಬಿಗಿ ನೋಡಿಸಿ. ಕ್ರಾಸಿಗೆ ಗ್ರೀಸ್ ನಿಪ್ಪಲ್ ಇದ್ದರೆ ಪ್ರತಿ ಸರ್ವಿಸಿಗೂ, ಮಳೆಗಾಲದಲ್ಲಿ ನೀರು ದಾಟಿ ಬಂದ ಮೇಲೂ ಗ್ರೀಸ್ ಹೊಡೆಸಿ. ನಾಲ್ಕೂ ಬಟ್ಟಲಿನ ಸೀಲಿನಿಂದ ಹೊಸ ಗ್ರೀಸ್ ಇಣುಕುವ ತನಕ ಹೊಡೆಯಲಿ. ಪ್ಲೇಟ್ ತೆಗೆಸಿದ ಮೇಲೆ ಖಾಲಿ ಗಾಡಿ 75ಕ್ಕೆ ಹೇಗಿದೆ ಅಂತ ಇಲ್ಲೇ ಬರೆಯಿರಿ. ಆಗಲೂ ಝುಂ ಅಂದರೆ ಶಾಫ್ಟನ್ನು ಬ್ಯಾಲೆನ್ಸಿಂಗಿಗೆ ಕಳಿಸೋಣ.